ಸತ್ಯಕ್ಕೆ ಬಿಲ್ ಯಾರು ಕೊಡೋದು?

ಜನ ತುಂಬಿ ತುಳುಕುವ ಮೆಟ್ರೋ ಸ್ಟೇಷನ್. ಕನ್ನಡಕ ಹಾಕಿದ, ನೋಡಿದರೆ ಯಾರೋ ಮೇಷ್ಟ್ರು ಅನ್ನಿಸುವಂಥ ಮನುಷ್ಯನೊಬ್ಬ ದೊಡ್ಡ ಸೂಟ್‌ಕೇಸ್ ಎಳೆದುಕೊಂಡು ಬರ್ತಾನೆ. ಸೆಕ್ಯುರಿಟಿ ಚೆಕ್ ಹತ್ತಿರ ಗಲಾಟೆ ಆಗುತ್ತೆ. ಒಳಗೆ ಬಾಂಬ್ ಇದೆ ಅಂತ ಕೂಗ್ತಾನೆ. ಜನ ಓಡ್ತಾರೆ, ಪೊಲೀಸರು ಸುತ್ತುವರೀತಾರೆ. ಕೊನೆಗೆ ಸೂಟ್‌ಕೇಸ್ ತೆಗೆದು ನೋಡಿದರೆ ಬಾಂಬ್ ಇಲ್ಲ, ಹೆಣ ಇದೆ. "ಹೌದು, ನಾನೇ ಕೊಂದೆ" ಅಂತ ಆತ ಒಪ್ಪಿಕೊಳ್ತಾನೆ. ಕೇಸ್ ಕೋರ್ಟಿಗೆ ಬಂದ ದಿನ ಮಾತು ಬದಲಾಯಿಸ್ತಾನೆ: ನಾನು ಕೊಂದಿಲ್ಲ, ಅವತ್ತು ನಾನು ಆ ಊರಲ್ಲೇ ಇರಲಿಲ್ಲ, ಇಗೋ ಸಾಕ್ಷಿ. ಸಾಕ್ಷಿ ಪಕ್ಕಾ ಇರುತ್ತೆ. ಹಾಗಾದರೆ ಕೊಂದವರು ಯಾರು? ಕೊಲ್ಲದವನು ಹೆಣ ಹೊತ್ತುಕೊಂಡು ಊರಿನ ಮಧ್ಯಕ್ಕೆ ಯಾಕೆ ಬಂದ?

ಚೀನಾದ ಐಚಿಯಿ ಎಂಬ ಸ್ಟ್ರೀಮಿಂಗ್ ಕಂಪನಿ 2020ರಲ್ಲಿ ತಂದ 'ದಿ ಲಾಂಗ್ ನೈಟ್' ಶುರುವಾಗೋದು ಹೀಗೆ. ಚೀನೀ ಭಾಷೆಯಲ್ಲಿ ಅದರ ಹೆಸರಿಗೆ 'ಮೌನವಾಗಿರುವ ಸತ್ಯ' ಅಂತ ಅರ್ಥ. ಹನ್ನೆರಡೇ ಎಪಿಸೋಡು. ಜ಼ೀಜಿನ್ ಚೆನ್ ಬರೆದ ಕಾದಂಬರಿಯೊಂದನ್ನು ಆಧರಿಸಿದ್ದು. ಅದೇ ವರ್ಷ ಅದೇ ಕಂಪನಿಯಿಂದ ಬಂದ 'ದಿ ಬ್ಯಾಡ್ ಕಿಡ್ಸ್' ಕೂಡ ಇದೇ ಲೇಖಕನ ಕಾದಂಬರಿಯಿಂದಲೇ ಹುಟ್ಟಿದ್ದು. ಚೀನೀ ಸೀರಿಯಲ್ ಅಂದರೆ ಉದ್ದನೆ ಕೂದಲು, ರೇಷ್ಮೆ ನಿಲುವಂಗಿ, ಗಾಳಿಯಲ್ಲಿ ಹಾರುವ ಕತ್ತಿವರಸೆ ಅಂದುಕೊಂಡಿರುವವರು ಇವೆರಡನ್ನು ನೋಡಬೇಕು. ಇಲ್ಲಿ ಯಾರೂ ಹಾರುವುದಿಲ್ಲ. ಎಲ್ಲರೂ ನಮ್ಮ ನಿಮ್ಮ ಹಾಗೆ ಬಸ್ಸು ಹಿಡಿದು, ಬಾಡಿಗೆ ಕಟ್ಟಿಕೊಂಡು ಬದುಕುವವರು.

ಮುಂದೆ ಓದುವ ಮುಂಚೆ ಒಂದು ಮಾತು. ಕಥೆಯ ಗುಟ್ಟು ಬಿಟ್ಟುಕೊಡದೆ ನಾನು ಹೇಳಬೇಕಾದ್ದನ್ನು ಹೇಳೋಕಾಗಲ್ಲ. ಇದನ್ನು ಪಟ್ಟಿಯಲ್ಲಿ ಇಟ್ಟುಕೊಂಡಿದ್ದರೆ ಮೊದಲು ನೋಡಿ ಬನ್ನಿ.

ಸೂಟ್‌ಕೇಸಿನಲ್ಲಿದ್ದ ಹೆಣ ಜಿಯಾಂಗ್ ಯಾಂಗ್ ಎಂಬವನದು. ಕಥೆ 2000, 2003, 2010 ಅಂತ ಮೂರು ಕಾಲದಲ್ಲಿ ಹಿಂದೆ ಮುಂದೆ ಓಡಾಡುತ್ತೆ. 2000ದಲ್ಲಿ ಹೌ ಗ್ವೇಪಿಂಗ್ ಎಂಬ ಕಾನೂನು ವಿದ್ಯಾರ್ಥಿ ಪಿಂಗ್‌ಕಾಂಗ್ ಅನ್ನುವ ಕಡೆಯ ಹಳ್ಳಿಶಾಲೆಗೆ ಸ್ವಯಂಸೇವಕ ಮೇಷ್ಟ್ರಾಗಿ ಹೋಗ್ತಾನೆ. ತನ್ನ ಶಾಲೆಯ ಹೆಣ್ಣುಮಕ್ಕಳ ಮೇಲೆ ಊರಿನ ದೊಡ್ಡವರಿಂದ ದೌರ್ಜನ್ಯ ನಡೀತಾ ಇದೆ ಅಂತ ಅವನಿಗೆ ಗೊತ್ತಾಗುತ್ತೆ. ದೂರು ಕೊಡ್ತಾನೆ. ಕೆಲವೇ ದಿನದಲ್ಲಿ ಅವನೇ ನೀರಿನಲ್ಲಿ ಹೆಣವಾಗಿ ಸಿಗ್ತಾನೆ. ಸತ್ತವನ ಹೆಸರಿಗೆ ಮಸಿಯನ್ನೂ ಬಳಿದಿರ್ತಾರೆ: ಅತ್ಯಾಚಾರ ಮಾಡಿ, ಹೆದರಿ ಆತ್ಮಹತ್ಯೆ ಮಾಡಿಕೊಂಡ ಅಂತ. ಮೂರು ವರ್ಷದ ನಂತರ ಅವನ ಪ್ರೇಯಸಿಯಾಗಿದ್ದ ಲೀ ಜಿಂಗ್, ಆಗಷ್ಟೇ ಪ್ರಾಸಿಕ್ಯೂಟರ್ ಆಗಿ ಸೇರಿದ್ದ ಜಿಯಾಂಗ್ ಯಾಂಗ್ ಹತ್ತಿರ ಬರ್ತಾಳೆ. ಕೇಸು ಮತ್ತೆ ತೆರೀತೀಯಾ?

ಅವನು ತೆರೀತಾನೆ. ಅವನ ಬದುಕು ಮುಚ್ಚುತ್ತಾ ಹೋಗುತ್ತೆ. ಪ್ರೀತಿಸಿದ ಹುಡುಗಿ ದೂರವಾಗ್ತಾಳೆ. ಸಾಕ್ಷಿಗಳು ಇಲ್ಲವಾಗ್ತಾರೆ. ಕೊನೆಗೆ ಅವನ ಮೇಲೇ ಲಂಚದ ಸುಳ್ಳು ಕೇಸು ಹಾಕಿ ಜೈಲಿಗೆ ಕಳಿಸ್ತಾರೆ. ಹೊರಗೆ ಬಂದ ಮೇಲೆ ಮೊಬೈಲ್ ರಿಪೇರಿ ಅಂಗಡಿ ಇಟ್ಟುಕೊಂಡು ಹೊಟ್ಟೆ ಹೊರೀತಾನೆ. ಶುರುವಿನಲ್ಲಿ ಇಸ್ತ್ರಿ ಮಾಡಿದ ಯೂನಿಫಾರ್ಮಿನಲ್ಲಿ ಲಕಲಕ ಅನ್ನುತ್ತಿದ್ದ ಹುಡುಗ, ಕೆಲವೇ ವರ್ಷದಲ್ಲಿ ಕೂದಲು ನರೆತು, ಕೆನ್ನೆ ಒಳಗೆ ಹೋಗಿ, ಭುಜ ಬಗ್ಗಿಸಿ ನಡೆಯುವ ಮುದುಕನ ಹಾಗೆ ಕಾಣ್ತಾನೆ. ನಟ ಬಾಯ್ ಯೂ ಇದನ್ನು ಮಾಡಿರುವ ರೀತಿ ನೋಡಿದರೆ ಎದೆ ಹಿಂಡಿದ ಹಾಗಾಗುತ್ತೆ.

ಆದರೆ ನನ್ನ ತಲೆಯಲ್ಲಿ ಉಳಿದದ್ದು ಜೈಲಿನ ದೃಶ್ಯ ಅಲ್ಲ, ಸಾವಿನ ದೃಶ್ಯವೂ ಅಲ್ಲ. ಒಂದು ದಿನ ಗೆಳೆಯರ ಜೊತೆ ಇದ್ದಾಗ ಅವನ ಪರ್ಸ್ ಕಳೆದುಹೋಗುತ್ತೆ. ಅಷ್ಟೇ. ಕೆಲಸ ಹೋದಾಗ, ಹೆಸರು ಕೆಟ್ಟಾಗ, ಜೈಲಿಗೆ ಹೋದಾಗ ಗಟ್ಟಿಯಾಗಿ ನಿಂತಿದ್ದ ಮನುಷ್ಯ, ಆ ಒಂದು ಪರ್ಸಿಗೆ ಚಿಕ್ಕ ಮಗುವಿನ ಹಾಗೆ ಬಿಕ್ಕಿ ಬಿಕ್ಕಿ ಅಳ್ತಾನೆ. ಜೊತೆಗಿದ್ದ ಗೆಳೆಯರಿಗೆ ಸಮಾಧಾನ ಹೇಳೋಕೂ ಬಾಯಿ ಬರಲ್ಲ. ದೊಡ್ಡ ನಷ್ಟಗಳಿಗೆ ಒಂದು ಅರ್ಥ ಇತ್ತು, ಸತ್ಯಕ್ಕಾಗಿ ಕಳೆದುಕೊಂಡೆ ಅಂತ ಹೇಳಿಕೊಳ್ಳಬಹುದಿತ್ತು. ಈ ಪರ್ಸು ಯಾವುದಕ್ಕಾಗಿಯೂ ಹೋಗಿದ್ದಲ್ಲ, ಸುಮ್ಮನೆ ಹೋಯಿತು. ತಡೆದು ನಿಲ್ಲಿಸಿಕೊಂಡಿದ್ದೆಲ್ಲ ಅಲ್ಲಿಂದ ಒಡೆದು ಹೊರಗೆ ಬಂತು.

ನನ್ನ ಗೆಳತಿಯೊಬ್ಬಳು ಇದನ್ನು ನಾನು ನೋಡಿದ ವಾರವೇ ನೋಡಿದಳು. ಮುಗಿಸಿದ ರಾತ್ರಿ ಮೆಸೇಜ್ ಬಂತು: "ಇಷ್ಟೆಲ್ಲಾ ಬೇಕಿತ್ತೇನೋ ಅವನಿಗೆ? ಸತ್ತವನು ವಾಪಸ್ ಬರ್ತಾನಾ?" ತುಂಬಾ ಜನ ನೋಡುಗರು ಇದನ್ನೇ ಕೇಳ್ತಾರೆ. ಒಂದು ಸತ್ಯಕ್ಕೆ ಒಂದು ಇಡೀ ಬದುಕನ್ನು ಕೊಡಬಹುದಾ? ಲಾಭ ನಷ್ಟದ ಲೆಕ್ಕ ಹಾಕಿದರೆ ತಾಳೆ ಆಗುತ್ತಾ?

ಈ ಪ್ರಶ್ನೆಯಲ್ಲೇ ಏನೋ ಎಡವಟ್ಟಿದೆ ಅಂತ ನನಗೆ ಅನ್ನಿಸಿತು. ಹೋಟೆಲಿನಲ್ಲಿ ಹತ್ತು ಜನ ಕೂತು ಊಟ ಮಾಡಿ, ಒಂಬತ್ತು ಜನ ಒಬ್ಬೊಬ್ಬರಾಗಿ ಎದ್ದು ಹೋಗಿ, ಕೊನೆಗೆ ಉಳಿದವನ ಮುಂದೆ ಬಿಲ್ ಬಂದರೆ, "ನೀನು ಇಷ್ಟು ದುಬಾರಿ ಊಟ ಮಾಡಬೇಕಿತ್ತಾ?" ಅಂತ ಅವನನ್ನು ಕೇಳೋದು ನ್ಯಾಯವಾ? ಎದ್ದುಹೋದವರು ಯಾರ್ಯಾರು ಅಂತ ಮೊದಲು ನೋಡಬೇಕಲ್ಲವಾ?

ನೋಡೋಣ. ಮೊದಲನೆಯವನು, ಸೂಟ್‌ಕೇಸ್ ಎಳೆದುಕೊಂಡು ಬಂದವನೇ: ಜಾಂಗ್ ಚಾವ್. 2010ರ ಹೊತ್ತಿಗೆ ಅವನು ಹೆಸರುವಾಸಿ ವಕೀಲ. 2000ದಲ್ಲಿ ಅವನು ಹೌ ಗ್ವೇಪಿಂಗ್‌ಗೆ ಪಾಠ ಹೇಳುತ್ತಿದ್ದ ಕಾನೂನು ಮೇಷ್ಟ್ರು. ತನ್ನ ವಿದ್ಯಾರ್ಥಿಯ ಮರಣೋತ್ತರ ಪರೀಕ್ಷೆಯ ವರದಿ ಅವನ ಕಣ್ಣಿಗೆ ಬಿದ್ದಿತ್ತು. ವರದಿಯ ಒಳಗಿನ ವಿವರ ಒಂದು ಹೇಳುತ್ತೆ, ಕೊನೆಯ ತೀರ್ಮಾನ ಇನ್ನೊಂದು ಹೇಳುತ್ತೆ ಅಂತ ಅವನಿಗೆ ಓದಿದ ತಕ್ಷಣ ಗೊತ್ತಾಗಿತ್ತು. ಆದರೆ ಸುಮ್ಮನಾದ. ಸತ್ತವನ ಪ್ರೇಯಸಿ ಲೀ ಜಿಂಗ್ ಮೇಲೆ ಅವನಿಗೆ ಮನಸ್ಸಿತ್ತು. ಅವಳು ಇದನ್ನು ಮರೆತು ಮುಂದೆ ಹೋಗಲಿ ಅಂತ ಆಸೆ ಇತ್ತು. ಮುಂದೆ ಅವಳನ್ನೇ ಮದುವೆಯಾದ. ಇವನು ಖಳನಾಯಕ ಅಲ್ಲ ನೋಡಿ. ಯಾರನ್ನೂ ಕೊಲ್ಲಲಿಲ್ಲ, ಲಂಚ ತಿನ್ನಲಿಲ್ಲ, ಒಂದು ಸುಳ್ಳೂ ಹೇಳಲಿಲ್ಲ. ಹೇಳಬೇಕಾದ ಒಂದು ವಾಕ್ಯ ಹೇಳಲಿಲ್ಲ, ಅಷ್ಟೇ.

ಆಮೇಲೆ ವರದಿಯ ತೀರ್ಮಾನ ಸರಿಯಿಲ್ಲ ಅಂತ ಗೊತ್ತಿದ್ದೂ ಫೈಲು ಮುಚ್ಚಿದ ಪೊಲೀಸರು. ದೂರು ತನ್ನ ಟೇಬಲ್ಲಿಗೆ ಬಂದಾಗ ಕಣ್ಣು ತಪ್ಪಿಸಿದ ಅಧಿಕಾರಿಗಳು. 'ಇವನ ಜೊತೆ ಕಾಣಿಸಿಕೊಂಡರೆ ನಮಗೆ ಪ್ರಮೋಷನ್ ಇಲ್ಲ' ಅಂತ ದೂರ ಸರಿದ ಸಹೋದ್ಯೋಗಿಗಳು. ಊರ ಉಸಾಬರಿ ನಮಗ್ಯಾಕೆ ಅಂದ ಊರಿನವರು. ಇವರಲ್ಲಿ ಒಬ್ಬೊಬ್ಬರಿಗೂ ಒಂದೊಂದು ಕಾರಣ ಇದೆ. ಮಕ್ಕಳಿದ್ದಾರೆ, ಸಾಲ ಇದೆ, ರಿಟೈರ್ ಆಗೋಕೆ ಎರಡೇ ವರ್ಷ ಇದೆ. ಎಲ್ಲ ಕಾರಣಗಳೂ ನಮಗೆ ಅರ್ಥ ಆಗುವಂಥವೇ. ಆದರೆ ಒಬ್ಬೊಬ್ಬರು ಎದ್ದುಹೋದಾಗಲೂ ಅವರ ಪಾಲು ಮಾಯವಾಗಲ್ಲ, ಕೂತವರ ಬಿಲ್ಲಿಗೆ ಸೇರಿಕೊಳ್ಳುತ್ತೆ. ವರ್ಷ ಕಳೆದ ಹಾಗೆ ಬಡ್ಡಿ ಬೇರೆ. 2000ದಲ್ಲಿ ಒಬ್ಬ ಕಾನೂನು ಮೇಷ್ಟ್ರು ಎದ್ದು ನಿಂತು "ಈ ವರದಿಗೂ ತೀರ್ಮಾನಕ್ಕೂ ತಾಳೆ ಇಲ್ಲ" ಅಂದಿದ್ದರೆ ಆಗಬಹುದಾಗಿದ್ದ ಕೆಲಸಕ್ಕೆ, 2010ರಲ್ಲಿ ಒಬ್ಬನ ಹೆಣವೇ ಬೇಕಾಯಿತು.

ಇಲ್ಲಿಗೆ ನನ್ನ ವಾದ ಮುಗಿಯಿತು ಅಂತ ಹೇಳಿ ಎದ್ದುಬಿಡಬಹುದಿತ್ತು. ಬೇಗ ಮಾತಾಡಿ, ಅಗ್ಗಕ್ಕೆ ಮುಗಿಯುತ್ತೆ ಅಂತ. ಕೇಳೋಕೆ ಚೆನ್ನಾಗಿದೆ. ಆದರೆ ಕಥೆ ಹಾಗೆ ಹೇಳೋಕೆ ಬಿಡಲ್ಲ. ಯಾಕಂದರೆ ಎಲ್ಲರಿಗಿಂತ ಮೊದಲು ಮಾತಾಡಿದವನು ಹೌ ಗ್ವೇಪಿಂಗ್. ತಡಮಾಡಲಿಲ್ಲ, ಸುಮ್ಮನೆ ಕೂರಲಿಲ್ಲ. ಬಡ್ಡಿ ಹುಟ್ಟುವ ಮೊದಲೇ ಬಾಯಿ ಬಿಟ್ಟ. ಅವನೂ ಪ್ರಾಣವನ್ನೇ ಕೊಟ್ಟ.

ಹಾಗಾದರೆ ಬೆಲೆ ನಿರ್ಧಾರವಾಗೋದು ಬೇಗ ಮಾತಾಡಿದ್ದರ ಮೇಲೋ ತಡವಾಗಿ ಮಾತಾಡಿದ್ದರ ಮೇಲೋ ಅಲ್ಲ. ಮೊದಲು ಸತ್ತವನಿಗೂ ಕೊನೆಗೆ ಸತ್ತವನಿಗೂ ನಡುವೆ ಇರುವ ಸಾಮಾನ್ಯ ಅಂಶ ಒಂದೇ: ಇಬ್ಬರೂ ಒಂಟಿ. ಹೌ ಗ್ವೇಪಿಂಗ್‌ನನ್ನು ಕೊಲ್ಲೋದು ಸುಲಭವಾದದ್ದು ಅವನು ಸತ್ಯ ಹೇಳಿದ್ದಕ್ಕಲ್ಲ, ಅವನೊಬ್ಬನೇ ಹೇಳಿದ್ದಕ್ಕೆ. ಅವನೊಬ್ಬನ ಬಾಯಿ ಮುಚ್ಚಿಸಿದರೆ ಮಾತೂ ಮುಚ್ಚಿಹೋಗುತ್ತಿತ್ತು. ಅದೇ ಮಾತನ್ನು ಹೆಡ್ಮಾಸ್ಟರ್, ಪಕ್ಕದ ಕ್ಲಾಸಿನ ಮೇಷ್ಟ್ರು, ಊರಿನ ನಾಲ್ಕು ಜನ ತಾಯಂದಿರು ಹೇಳಿದ್ದರೆ ಎಷ್ಟು ಜನರನ್ನು ಅಂತ ನೀರಿಗೆ ನೂಕ್ತಾರೆ? ಎಲ್ಲರೂ ಪಲ್ಲಕ್ಕಿಯಲ್ಲಿ ಕೂತರೆ ಹೊರುವವರು ಯಾರು ಅನ್ನೋ ಗಾದೆ ನಮ್ಮಲ್ಲಿದೆ. ಅದರ ಇನ್ನೊಂದು ಮುಖವೂ ಇದೆ ಅನ್ಸುತ್ತೆ. ಒಬ್ಬನೇ ಹೊತ್ತರೆ ಪಲ್ಲಕ್ಕಿ ಅವನ ಮೇಲೇ ಬೀಳುತ್ತೆ.

ಇಲ್ಲಿ ತತ್ವಶಾಸ್ತ್ರದವರ ಒಂದು ವಿಂಗಡಣೆ ನೆನಪಾಗುತ್ತೆ. ಬ್ರಿಟಿಷ್ ದಾರ್ಶನಿಕ ಜೆ. ಓ. ಅರ್ಮ್‌ಸನ್ 1958ರಲ್ಲಿ ಸಂತರು ಮತ್ತು ವೀರರ ಬಗ್ಗೆ ಒಂದು ಪ್ರಬಂಧ ಬರೆದ. ಸೈನಿಕನೊಬ್ಬ ಜೊತೆಯವರನ್ನು ಉಳಿಸೋಕೆ ಗ್ರೆನೇಡ್ ಮೇಲೆ ಬೀಳ್ತಾನೆ ಅಂದುಕೊಳ್ಳಿ. ಅದು ದೊಡ್ಡ ಕೆಲಸ. ಆದರೆ ಬೀಳದೇ ಇದ್ದರೆ "ಕರ್ತವ್ಯ ತಪ್ಪಿದ" ಅಂತ ಯಾರೂ ಬೈಯೋಕಾಗಲ್ಲ. ಕರ್ತವ್ಯವನ್ನೂ ಮೀರಿದ ಕೆಲಸಗಳಿವೆ, ಅವನ್ನು ಮಾಡಿದವರನ್ನು ಹೊಗಳಬಹುದು, ಮಾಡು ಅಂತ ಇನ್ನೊಬ್ಬರನ್ನು ಕೇಳುವ ಹಕ್ಕು ನಮಗಿಲ್ಲ ಅನ್ನೋದು ಅವನ ಮಾತಿನ ಸಾರ.

ಸರಿ, ಒಪ್ಪೋಣ. ಜಿಯಾಂಗ್ ಯಾಂಗ್ ಮಾಡಿದ್ದು ಗ್ರೆನೇಡ್ ಮೇಲೆ ಬಿದ್ದಂಥದ್ದೇ. ಅದನ್ನು ಯಾರೂ ಯಾರಿಂದಲೂ ಕೇಳೋಕಾಗಲ್ಲ. ಆದರೆ ಈ ಗ್ರೆನೇಡ್ ಅಲ್ಲಿಗೆ ಬಂದದ್ದು ಹೇಗೆ? ತಮ್ಮ ತಮ್ಮ ಮಾಮೂಲಿ ಕರ್ತವ್ಯ, ಸಂಬಳ ತಗೊಂಡು ಮಾಡಬೇಕಾದ ಕೆಲಸ, ಅದನ್ನು ಹತ್ತು ಜನ ಮಾಡದೇ ಇದ್ದದ್ದಕ್ಕೆ. ವೀರರು ಬೇಕಾಗೋದು ಬಹಳ ಸಲ ಹೀಗೇ ಅಂತ ಕಾಣುತ್ತೆ. ಹತ್ತು ಸಣ್ಣ ಕರ್ತವ್ಯಗಳನ್ನು ಹತ್ತು ಜನ ಬಿಟ್ಟಾಗ, ಅದೆಲ್ಲ ಸೇರಿ ಒಬ್ಬನಿಗೆ ಬಲಿದಾನ ಆಗುತ್ತೆ. ಆಮೇಲೆ ಅವನ ಫೋಟೋಗೆ ಹಾರ ಹಾಕೋಕೆ ಅದೇ ಹತ್ತು ಜನ ಮುಂದೆ ಬರ್ತಾರೆ.

ಕಥೆಯಲ್ಲಿ ಇದಕ್ಕೆ ಉಲ್ಟಾ ಇರುವ ಇಬ್ಬರೂ ಇದ್ದಾರೆ. ಅವರನ್ನು ನೋಡಿದಾಗಲೇ ನನಗೆ ಉಸಿರು ಬಂದದ್ದು. ಒಬ್ಬ ಫೊರೆನ್ಸಿಕ್ ಡಾಕ್ಟರ್ ಚೆನ್ ಮಿಂಗ್‌ಜಾಂಗ್. ಇವನೇನು ದೊಡ್ಡ ಭಾಷಣ ಮಾಡುವ ಆಸಾಮಿ ಅಲ್ಲ, ದುಡ್ಡಿನ ಮೇಲೆ ಆಸೆ ಇರುವ, ತಮಾಷೆಯಾಗಿ ಮಾತಾಡುವ ಮನುಷ್ಯ. ಆದರೆ ತಾನು ಹೆಣದಲ್ಲಿ ಕಂಡದ್ದನ್ನು ಕಂಡ ಹಾಗೇ ಇಟ್ಟಿದ್ದ. ಅವನ ಕೈಯಲ್ಲಿದ್ದ ಆ ಒಂದು ವಿವರ ಉಳಿದದ್ದಕ್ಕೇ ಮೂರು ವರ್ಷದ ನಂತರ ಕೇಸಿಗೆ ಒಂದು ತುದಿ ಸಿಕ್ಕಿತು. ಇನ್ನೊಬ್ಬ ಪೊಲೀಸ್ ಜೂ ವೇ. ಬಾಯಿ ಒರಟು, ಕೋಪ ಜಾಸ್ತಿ. ಆದರೆ ಜಿಯಾಂಗ್ ಯಾಂಗ್ ಪಕ್ಕದಿಂದ ಸರಿಯಲಿಲ್ಲ. ಇವರಿಬ್ಬರೂ ಸಂತರಲ್ಲ. ತಮ್ಮ ಕೆಲಸದ ಮಟ್ಟಿಗೆ ಸುಳ್ಳಾಗಲಿಲ್ಲ, ಗೆಳೆಯನ ಮಟ್ಟಿಗೆ ಎದ್ದುಹೋಗಲಿಲ್ಲ. ಇಂಥವರು ಇಬ್ಬರ ಬದಲು ಇಪ್ಪತ್ತು ಜನ ಇದ್ದಿದ್ದರೆ ಆ ಕಥೆಗೆ ಹನ್ನೆರಡು ಎಪಿಸೋಡ್ ಬೇಕಾಗುತ್ತಿರಲಿಲ್ಲ.

ಈಗ ಆ ಅಂತ್ಯದ ವಿಷಯ. ಜಿಯಾಂಗ್ ಯಾಂಗ್‌ಗೆ ಶ್ವಾಸಕೋಶದ ಕ್ಯಾನ್ಸರ್ ಅಂತ ಗೊತ್ತಾಗುತ್ತೆ. ಹೇಗೂ ಸಾಯ್ತೀನಿ, ಈ ಸಾವಾದರೂ ಉಪಯೋಗಕ್ಕೆ ಬರಲಿ ಅಂತ ಅವನು ನಿರ್ಧಾರ ಮಾಡ್ತಾನೆ. ತನ್ನ ಸಾವು ಕೊಲೆಯ ಹಾಗೆ ಕಾಣಬೇಕು, ಆ ಕೊಲೆಯ ಸುದ್ದಿ ದೇಶಕ್ಕೆಲ್ಲ ಗೊತ್ತಾಗಬೇಕು, ಆಗ ಯಾರೂ ಫೈಲು ಮುಚ್ಚೋಕಾಗಲ್ಲ. ಹತ್ತು ವರ್ಷದ ಹಿಂದೆ ಬಾಯಿ ಮುಚ್ಚಿಕೊಂಡಿದ್ದ ಜಾಂಗ್ ಚಾವ್ ತನ್ನ ಪಾಲು ತೀರಿಸೋಕೆ ಅಂತ ಸೂಟ್‌ಕೇಸ್ ಎಳೆದುಕೊಂಡು ಮೆಟ್ರೋಗೆ ಬರ್ತಾನೆ. ಅಂದರೆ ಸತ್ಯ ಹೊರಗೆ ಬರೋದು ಒಂದು ದೊಡ್ಡ ಸುಳ್ಳಿನ ಬೆನ್ನ ಮೇಲೆ ಕೂತು. ತನಿಖೆ ಮಾಡುವ ಪೊಲೀಸ್ ಅಧಿಕಾರಿ ಯಾನ್ ಲ್ಯಾಂಗ್ ಆ ಸುಳ್ಳನ್ನು ಬಿಡಿಸ್ತಾ ಬಿಡಿಸ್ತಾ ಹಿಂದಿನ ಸತ್ಯಕ್ಕೆ ತಲುಪ್ತಾನೆ.

ನಾವು ಕನ್ನಡದವರು ಸತ್ಯ ಅಂದ ಕೂಡಲೇ ನೆನೆಸಿಕೊಳ್ಳೋದು ಪುಣ್ಯಕೋಟಿಯನ್ನು. ಅಲ್ಲಿ ಹಸು ಕೊಟ್ಟ ಮಾತಿಗೆ ತಪ್ಪದೆ ಹುಲಿಯ ಮುಂದೆ ಬಂದು ನಿಲ್ಲುತ್ತೆ, ಹುಲಿಗೆ ನಾಚಿಕೆಯಾಗಿ ಅದೇ ಪ್ರಾಣ ಬಿಡುತ್ತೆ. ಚಿಕ್ಕವರಿದ್ದಾಗ ಕಣ್ಣೀರು ಹಾಕಿ ಕೇಳಿದ್ದೇವೆ. ಆದರೆ ಅಲ್ಲಿ ಹಸು ಬದುಕಿದ್ದು ಹುಲಿಗೆ ಮನಸ್ಸಾಕ್ಷಿ ಇದ್ದದ್ದಕ್ಕೆ. ಪಿಂಗ್‌ಕಾಂಗಿನ ಹುಲಿಗಳಿಗೆ ನಾಚಿಕೆ ಇಲ್ಲ, ಬಂದು ನಿಂತ ಹಸುವನ್ನೂ ತಿನ್ನುತ್ತವೆ, ಕೇಳೋಕೆ ಬಂದ ಕರುವನ್ನೂ ತಿನ್ನುತ್ತವೆ. ಅಂಥ ಹುಲಿಗೆ ಬೇಕಾಗಿರೋದು ಇನ್ನೊಂದು ಒಳ್ಳೆ ಹಸು ಅಲ್ಲ, ದೊಣ್ಣೆ ಹಿಡಿದ ಊರು.

ಅದಕ್ಕೇ ಆ ಅಂತ್ಯಕ್ಕೆ ಚಪ್ಪಾಳೆ ಹೊಡೆಯೋಕೆ ನನಗೆ ಮನಸ್ಸು ಬರಲಿಲ್ಲ. ಕೇಸು ಬಯಲಾಯಿತು, ದೊಡ್ಡವರು ಸಿಕ್ಕಿಬಿದ್ದರು, ಸರಿ. ಆದರೆ ಹತ್ತು ವರ್ಷ ಕಾಗದ ತೋರಿಸಿದಾಗ ಕೇಳದ ಕಿವಿಗಳು ಹೆಣ ತೋರಿಸಿದಾಗ ಕೇಳಿದವು ಅನ್ನೋದರಲ್ಲಿ ಸಂಭ್ರಮಿಸೋಕೆ ಏನಿದೆ? ತನ್ನ ಸಾವನ್ನೇ ಸಾಕ್ಷಿ ಮಾಡಿಕೊಳ್ಳಬೇಕಾದ ಸ್ಥಿತಿಗೆ ಒಬ್ಬನನ್ನು ತಳ್ಳಿ, ಆಮೇಲೆ ಎಂಥಾ ಧೀರ ಅನ್ನೋದು ನಮ್ಮ ಪಾಲಿನ ಬಿಲ್ಲನ್ನು ಇನ್ನೊಂದು ಸಲ ತಪ್ಪಿಸಿಕೊಂಡ ಹಾಗೆ.

ಇದು ಬರೀ ಚೀನಾದ ಕಥೆ ಅಂತ ಅಂದುಕೊಳ್ಳುವ ಸೌಕರ್ಯ ನಮಗೆ ಇಲ್ಲ. ಮಂಜುನಾಥ್ ಷಣ್ಮುಗಂ ನಮ್ಮ ಕೆಜಿಎಫ್‌ನ ಹುಡುಗ. ಮೈಸೂರಿನಲ್ಲಿ ಇಂಜಿನಿಯರಿಂಗ್, ಲಖನೌ ಐಐಎಂನಲ್ಲಿ ಎಂಬಿಎ, ಇಂಡಿಯನ್ ಆಯಿಲ್‌ನಲ್ಲಿ ಕೆಲಸ. ಉತ್ತರ ಪ್ರದೇಶದ ಲಖೀಂಪುರ ಖೇರಿಯಲ್ಲಿ ಕಲಬೆರಕೆ ಮಾಡುತ್ತಿದ್ದ ಪೆಟ್ರೋಲ್ ಬಂಕೊಂದರ ಮೇಲೆ ಕ್ರಮ ಕೈಗೊಂಡಿದ್ದಕ್ಕೆ 2005ರ ನವೆಂಬರ್ 19ರಂದು ಅವನನ್ನು ಗುಂಡಿಟ್ಟು ಕೊಂದರು. ಆಗ ಅವನಿಗೆ 27 ವರ್ಷ. ಅವನು ಮಾಡಿದ್ದು ಸಾಹಸ ಅಲ್ಲ, ಡ್ಯೂಟಿ. ಆ ಕೇಸು ಮುಚ್ಚಿಹೋಗದೇ ಇದ್ದದ್ದಕ್ಕೆ ಒಂದು ಮುಖ್ಯ ಕಾರಣ ಅವನ ಪರ ನಿಂತವರು. ಅವರು ಟ್ರಸ್ಟ್ ಕಟ್ಟಿ, ಬೆನ್ನು ಬಿಡದೆ ಹಿಂದೆ ಬಿದ್ದರು. 2015ರಲ್ಲಿ ಸುಪ್ರೀಂ ಕೋರ್ಟ್ ಆರು ಜನರ ಜೀವಾವಧಿ ಶಿಕ್ಷೆಯನ್ನು ಎತ್ತಿ ಹಿಡಿಯಿತು. ಅಷ್ಟೊಂದು ಹೆಗಲುಗಳು ಸೇರಿದವು, ಆದರೆ ಅವನು ಹೋದ ಮೇಲೆ. ಇಂಥವರನ್ನು ಕಾಪಾಡೋಕೆ ಅಂತಲೇ 2014ರಲ್ಲಿ ಕಾಯ್ದೆಯೊಂದು ಪಾಸಾಯಿತು. ಅದು ಜಾರಿಗೆ ಬರುವ ಅಧಿಸೂಚನೆಗೇ ವರ್ಷಗಟ್ಟಲೆ ಕಾಯುತ್ತಾ ಕೂತಿತು.

ನನ್ನ ಗೆಳತಿಗೆ ಇದನ್ನೆಲ್ಲ ಉದ್ದಕ್ಕೆ ಟೈಪ್ ಮಾಡಿ ಕಳಿಸಿದೆ. ಅವಳು ಫೋನೇ ಮಾಡಿದಳು. "ನೀನು ಹೇಳೋದು ಕೊಲೆ ಕೇಸಿಗೆ ಸರಿ ಕಣೋ, ನಮ್ಮ ಬದುಕಲ್ಲಿ ಇದೆಲ್ಲ ಎಲ್ಲಿ ಬರುತ್ತೆ?" ಅಂದಳು. ಆಮೇಲೆ ಒಂದು ಕ್ಷಣ ಸುಮ್ಮನಿದ್ದು, ಅವಳೇ ಒಂದು ವಿಷಯ ಹೇಳಿದಳು.

ಹೋದ ವರ್ಷ ಅವಳ ಟೀಮಿನ ಮೀಟಿಂಗಿನಲ್ಲಿ ಮ್ಯಾನೇಜರು ಒಂದು ಟೆಸ್ಟ್ ರಿಪೋರ್ಟಿನ ಅಂಕಿಗಳನ್ನು 'ಸ್ವಲ್ಪ ನೀಟ್ ಮಾಡಿ' ಕ್ಲೈಂಟಿಗೆ ಕಳಿಸೋಣ ಅಂದರಂತೆ. ಹನ್ನೊಂದು ಜನ ಇದ್ದ ರೂಮು. ಇವಳೊಬ್ಬಳೇ, ಹಾಗೆ ಮಾಡಿದರೆ ಅದು ಸುಳ್ಳು ರಿಪೋರ್ಟ್ ಆಗುತ್ತೆ ಅಂದಳು. ರೂಮಿನಲ್ಲಿ ಯಾರೂ ತುಟಿ ಬಿಚ್ಚಲಿಲ್ಲ. ಮೀಟಿಂಗ್ ಮುಗಿದ ಮೇಲೆ ಕಾಫಿ ಮೆಷಿನ್ ಹತ್ತಿರ ಒಬ್ಬರು ಬಂದು "ನೀನು ಹೇಳಿದ್ದು ಸರಿ ಇತ್ತು" ಅಂದರು. ಲಿಫ್ಟಿನಲ್ಲಿ ಇನ್ನೊಬ್ಬರು. ರಾತ್ರಿ ವಾಟ್ಸಾಪಿನಲ್ಲಿ ಮತ್ತಿಬ್ಬರು, ಜೊತೆಗೆ ಒಂದು ಕೈಮುಗಿಯುವ ಇಮೋಜಿ. ಆರು ತಿಂಗಳ ನಂತರ ಅಪ್ರೈಸಲ್‌ನಲ್ಲಿ ಅವಳಿಗೆ 'ಟೀಮ್ ಪ್ಲೇಯರ್ ಅಲ್ಲ' ಅಂತ ಷರಾ ಬಂತು.

"ನನಗೆ ಆ ಷರಾ ಬೇಜಾರಾಗಲಿಲ್ಲ" ಅಂದಳು. "ಆ ನಾಲ್ಕು ಜನ ಅದೇ ಮಾತನ್ನು ರೂಮಿನಲ್ಲೇ ಹೇಳಿದ್ದರೆ ಷರಾನೇ ಬರುತ್ತಿರಲಿಲ್ಲ ಅಲ್ವಾ? ಐದು ಜನಕ್ಕೂ 'ಟೀಮ್ ಪ್ಲೇಯರ್ ಅಲ್ಲ' ಅಂತ ಬರೆಯೋಕಾಗುತ್ತಾ? ಆಗ ಟೀಮ್ ಅಂದರೆ ಯಾರು?"

ಅವಳ ಪ್ರಶ್ನೆಗೆ ನನ್ನ ಹತ್ತಿರ ಸೇರಿಸೋಕೆ ಏನೂ ಇರಲಿಲ್ಲ. ಯಾರಿಗೂ ಪ್ರಾಣ ಕೊಡು ಅಂತ ಹೇಳುವ ಹಕ್ಕು ನನಗಿಲ್ಲ. ಕೆಲಸ ಬಿಡು ಅಂತಲೂ ಹೇಳಲಾರೆ, ಇಎಂಐ ಎಲ್ಲರ ಮನೆಯಲ್ಲೂ ಇದೆ. ಆದರೆ ಮೊದಲು ಮಾತಾಡುವ ಧೈರ್ಯಕ್ಕಿಂತ ಎರಡನೆಯವರಾಗಿ ಮಾತಾಡೋಕೆ ಬಹಳ ಕಡಿಮೆ ಧೈರ್ಯ ಸಾಕು. ಮೂರನೆಯವರಿಗೆ ಇನ್ನೂ ಕಡಿಮೆ. ಒಬ್ಬರು ಬಾಯಿ ಬಿಟ್ಟಾಗ, ಕಾಫಿ ಮೆಷಿನ್ ತನಕ ಕಾಯದೆ, ಅದೇ ರೂಮಿನಲ್ಲಿ, ಅದೇ ನಿಮಿಷದಲ್ಲಿ "ನನಗೂ ಹಾಗೇ ಅನ್ಸುತ್ತೆ" ಅನ್ನೋಕೆ ಎಷ್ಟು ಹೊತ್ತು ಬೇಕು? ಮೂರು ಪದ.